ಮೂರು ತಾಲೂಕಿನ ಮಣ್ಣು, ಒಂದು ಇಂಚಿನ ಹೊದಿಕೆ

ಕಳೆದ ಏಪ್ರಿಲ್‌ನ ಒಂದು ಭಾನುವಾರ ನಾನು ಮತ್ತು ಅವ್ವ ಬೆಳಗಿನ ಆರಕ್ಕೇ ಕಾರು ಹತ್ತಿ ಮಣ್ಣು ಹುಡುಕಲು ಹೊರಟೆವು. ಡಿಕ್ಕಿಯಲ್ಲಿ ನಾಲ್ಕು ಖಾಲಿ ಚೀಲ, ಒಂದು ಸಲಿಕೆ, ಒಂದು ಬುತ್ತಿ ಗಂಟು. ಮೂಡಲಗಿ ತಾಲೂಕಿನ ನಮ್ಮ ಹಳ್ಳಿಯಲ್ಲಿ ಮಣ್ಣಿಗೇನೂ ಬರವಿಲ್ಲ, ಮನೆಯ ಹಿಂದೆಯೇ ನಾಲ್ಕು ಎಕರೆ ಎರೆ ಹೊಲ ಇದೆ. "ಮಣ್ಣ ತರಾಕ ಕಾರ್ ತಗೊಂಡ್ ಹೊಂಟಾರ ನೋಡ್ರಿ" ಅಂತ ಗುಡಿ ಕಟ್ಟೆ ಮೇಲೆ ಕೂತವರು ನಕ್ಕರು.

ಅವರು ನಕ್ಕಿದ್ದರಲ್ಲಿ ತಪ್ಪಿಲ್ಲ. ಆದರೆ ಆ ನಾಲ್ಕು ಚೀಲ ಮಣ್ಣಿನ ಮೇಲೆ ಅವ್ವ ಎಲ್ಲಿ ಇರಬೇಕು ಅನ್ನೋದು ನಿಂತಿತ್ತು.

ಒಂದು ಬೇಸಿಗೆಯ ಒಪ್ಪಂದ

ಅಪ್ಪ ತೀರಿಕೊಂಡು ಎರಡು ವರ್ಷ. ಅಕ್ಕ ಪುಣೆಯಲ್ಲಿ, ನಾನು ಬೆಂಗಳೂರಿನಲ್ಲಿ. ಅವ್ವ ಒಬ್ಬಳೇ ಊರಲ್ಲಿ. ಹೊಲವನ್ನು ಕಬ್ಬಿಗೆ ಲಾವಣಿ ಕೊಟ್ಟಾಗಿತ್ತು, ಎಮ್ಮೆ ಮಾರಿ ಆಗಿತ್ತು. ಫೋನ್ ಮಾಡಿದಾಗಲೆಲ್ಲ ನನ್ನದು ಒಂದೇ ರಾಗ: "ಅವ್ವಾ, ಬೆಂಗಳೂರಿಗೆ ಬಾ." ಅವಳದ್ದೂ ಒಂದೇ ಉತ್ತರ: "ಬರ್ತೀನಿ ತಗೋ, ಅವಸರ ಏನೈತಿ?"

ಫೆಬ್ರವರಿಯಲ್ಲಿ ಮೂರ್ನಾಲ್ಕು ತಿಂಗಳು ಊರಿಂದಲೇ ಕೆಲಸ ಮಾಡಲು ಆಫೀಸಿನಲ್ಲಿ ಒಪ್ಪಿಗೆ ಸಿಕ್ಕಿತು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದೆ. ಮನೆಗೆ ಬಂದರೆ, ಖಾಲಿ ದನದ ಕೊಟ್ಟಿಗೆಯನ್ನು ಅವ್ವ ಸಾರಿಸಿ, ಸುಣ್ಣ ಹಚ್ಚಿ ಇಟ್ಟಿದ್ದಳು. ಯಾವುದೋ ವಿಡಿಯೋದಲ್ಲಿ ಅಣಬೆ ಬೆಳೆಯುವುದನ್ನು ನೋಡಿದ್ದಾಳಂತೆ.

"ನೀ ಇಂಜಿನಿಯರ್ ಅದೀ ಅಲಾ, ಮಾಡಿ ತೋರಸು. ಈ ಬ್ಯಾಸಗಿ ಮುಗಿಯೂದ್ರಾಗ ಅಣಬಿ ಬಂದ್ರ ನಾ ಇಲ್ಲೇ ಇರ್ತೀನಿ. ಬರಲಿಲ್ಲಂದ್ರ ನಿನ್ನ ಹಿಂದ ಬರ್ತೀನಿ."

ನಾನು ಒಪ್ಪಿದೆ. ಜೂನ್ ಒಂದರಿಂದ ನಾನು ಆಫೀಸಿಗೆ ಹಾಜರಾಗಬೇಕಿತ್ತು.

ನಮ್ಮ ಕಡೆ ಬೇಸಿಗೆಯ ಬಿಸಿಲು ನಿಮಗೆ ಗೊತ್ತಿದ್ದದ್ದೇ. ಅಂಗಡಿಯಲ್ಲಿ ಪ್ಯಾಕೆಟ್‌ನಲ್ಲಿ ಸಿಗುವ ಬಟನ್ ಅಣಬೆಗೆ ತಂಪು ಬೇಕು, ಎಸಿ ಇಲ್ಲದೆ ಇಲ್ಲಿ ಆಗದ ಮಾತು. ಅದಕ್ಕೇ ಹಾಲು ಅಣಬೆ ಆರಿಸಿಕೊಂಡೆವು. 30ರಿಂದ 35 ಡಿಗ್ರಿ ಶಾಖದಲ್ಲೇ ಖುಷಿಯಾಗಿ ಬೆಳೆಯುವ, ಹಾಲಿನಷ್ಟು ಬೆಳ್ಳಗಿನ ಅಣಬೆ ಇದು. ನಮ್ಮ ದೇಶದ್ದೇ. 1974ರಲ್ಲಿ ಪಶ್ಚಿಮ ಬಂಗಾಳದಲ್ಲಿ ಪುರಕಾಯಸ್ಥ ಮತ್ತು ಚಂದ್ರ ಎಂಬ ವಿಜ್ಞಾನಿಗಳು ಇದನ್ನು ಗುರುತಿಸಿ ಹೆಸರಿಟ್ಟರು. 1998ರಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದರ ಒಂದು ತಳಿ ಬಿಡುಗಡೆ ಮಾಡಿದ ಮೇಲೆ ದಕ್ಷಿಣದ ಮನೆಮನೆಗೆ ಬಂತು.

ಅರ್ಧ ಕೆಲಸ ಸುಲಭ. ಗೋಧಿ ಹೊಟ್ಟನ್ನು ನೆನೆಸಿ, ಬಿಸಿನೀರಲ್ಲಿ ಬೇಯಿಸಿ, ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ಅಣಬೆ ಬೀಜದ ಜೊತೆ ತುಂಬಿ ಕತ್ತಲಲ್ಲಿ ಇಡುವುದು. ಇಪ್ಪತ್ತು ದಿನದಲ್ಲಿ ಹೊಟ್ಟಿನ ತುಂಬ ಹತ್ತಿಯಂಥ ಬಿಳಿ ಎಳೆ ಹಬ್ಬುತ್ತದೆ. ಮೊದಲ ಆರು ಚೀಲ ಹಾಗೆ ಬೆಳ್ಳಗಾದಾಗ ನಾನು ಆಫೀಸಿನ ಗ್ರೂಪಿಗೆ ಫೋಟೋ ಕೂಡ ಹಾಕಿದ್ದೆ.

ಆದರೆ ಹಾಲು ಅಣಬೆ ಅಲ್ಲಿಗೇ ಏಳುವುದಿಲ್ಲ. ಅದರ ಮೇಲೆ ಒಂದು ಪದರ ಮಣ್ಣು ಹೊದಿಸಬೇಕು. ಇದಕ್ಕೆ ಕೇಸಿಂಗ್ ಅಂತಾರೆ. ನಾವು ಬಿದ್ದದ್ದು ಇಲ್ಲಿಯೇ.

ಎರೆ ಮಣ್ಣು ಮತ್ತು ನನ್ನ ರಿಮೈಂಡರ್

ಮೊದಲ ಆರು ಚೀಲಕ್ಕೆ ನಮ್ಮ ಹೊಲದ ಎರೆ ಮಣ್ಣನ್ನೇ ಹಾಕಿದೆವು. ಕಬ್ಬು, ಗೋವಿನಜೋಳ, ಅರಿಶಿನ ಬೆಳೆಯುವ ಮಣ್ಣು, ಇದಕ್ಕಿಂತ ಒಳ್ಳೆಯದು ಯಾವುದಿದ್ದೀತು ಅಂದುಕೊಂಡೆ. ಫೋನಿನಲ್ಲಿ ಎರಡು ತಾಸಿಗೊಂದು ರಿಮೈಂಡರ್ ಇಟ್ಟೆ. ಮೀಟಿಂಗ್ ನಡುವೆ ಮ್ಯೂಟ್ ಮಾಡಿ ಓಡಿ ಹೋಗಿ ನೀರು ಹೊಡೆದು ಬರುತ್ತಿದ್ದೆ. ಯಾವ ಚೀಲಕ್ಕೆ ಎಷ್ಟು ನೀರು ಅಂತ ಎಕ್ಸೆಲ್ ಶೀಟ್ ಬೇರೆ.

ನಾಲ್ಕೇ ದಿನಕ್ಕೆ ಮಣ್ಣು ಅಂಟಂಟಾಗಿ, ಮೇಲ್ಭಾಗ ಮೆತ್ತಿದ ಗೋಡೆಯಂತಾಯಿತು. ಚೀಲದ ತಳದಲ್ಲಿ ಹಳದಿ ನೀರು ನಿಂತು ನಾತ ಹೊಡೆಯತೊಡಗಿತು. ಹೆದರಿ ಮೂರು ಚೀಲಕ್ಕೆ ನೀರು ನಿಲ್ಲಿಸಿದೆ. ಅವು ಒಣಗಿ, ಬಿರುಕು ಬಿಟ್ಟು, ಇಡೀ ಪದರ ಸುಟ್ಟ ರೊಟ್ಟಿಯಂತೆ ಎದ್ದು ಬಂತು.

ಎರೆ ಮಣ್ಣಿನ ಗುಣವೇ ಅದು. ಅದರ ಜೇಡಿ ಕಣ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುವುದೂ ಇದಕ್ಕೇ. ಒಂದು ಇಂಚಿನ ಪದರದಲ್ಲಿ ಈ ಆಟ ನಡೆದರೆ ಅಣಬೆಯ ಎಳೆಗೆ ಒಂದೋ ಉಸಿರುಗಟ್ಟುತ್ತದೆ, ಇಲ್ಲಾ ಹರಿದುಹೋಗುತ್ತದೆ.

ಅವ್ವ ಆ ಕೊಳೆತ ಚೀಲ ನೋಡಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿಮ್ಮಪ್ಪಾನೂ ಹಿಂಗ ಮಾಡಿದಾ" ಅಂದಳು.

ನಮ್ಮ ಹೊಲದ ಕೆಳಗಿನ ಒಂದು ಎಕರೆ ಈಗ ಸವಳು. ಬ್ರಿಟಿಷರ ಕಾಲದ ಧೂಪದಾಳ ಅಣೆಯಿಂದ ಬರುವ ಘಟಪ್ರಭಾ ಎಡದಂಡೆ ಕಾಲುವೆಯ ನೀರು ನಮ್ಮ ಸೀಮೆಗೆ ಅನ್ನ ಕೊಟ್ಟಿದೆ. ಆದರೆ ಕಾಲುವೆಗೆ ನೀರು ಬಂತೆಂದರೆ ಅಪ್ಪ ರಾತ್ರಿಯಿಡೀ ಕಬ್ಬಿಗೆ ಹಾಯಿಸುತ್ತಿದ್ದರು. ಹೆಚ್ಚಾದಷ್ಟೂ ಒಳ್ಳೆಯದು ಎಂಬ ಲೆಕ್ಕ. ಬಸಿಯಲು ದಾರಿಯಿಲ್ಲದ ಎರೆ ಮಣ್ಣಿನಲ್ಲಿ ನೀರು ನಿಂತು, ಕೆಳಗಿನ ಉಪ್ಪು ಮೇಲೆ ಬಂದು, ವರ್ಷದಿಂದ ವರ್ಷಕ್ಕೆ ಹೊಲ ಬೆಳ್ಳಗಾಯಿತು. ಅಪ್ಪ ಆ ಎಕರೆಯ ಬದುವಿನ ಮೇಲೆ ಕೂತು ಏನೂ ಮಾತಾಡದೆ ಬೀಡಿ ಸೇದುತ್ತಿದ್ದದ್ದು ನನಗೆ ನೆನಪಿದೆ.

ಹಸಿರು ಬೂಷ್ಟು, ಮತ್ತು ಒಂದು ಸಣ್ಣ ಪಾಪ

ಎರಡನೇ ಸಲ ಆರು ಚೀಲಕ್ಕೆ ತಿಪ್ಪೆ ಗೊಬ್ಬರ ಹಾಕಿದೆವು. ಗೊಬ್ಬರ ಹಗುರ, ನೀರು ಹಿಡಿಯುತ್ತದೆ, ಗಾಳಿಯೂ ಆಡುತ್ತದೆ. ಆದರೆ ನಮ್ಮ ತಿಪ್ಪೆ ಇನ್ನೂ ಹಸಿ. ಸ್ನಾನದ ಹಂಡೆಯಲ್ಲಿ ಅರ್ಧ ತಾಸು ಹಬೆ ಕೊಟ್ಟು ಸಾಕು ಅಂದುಕೊಂಡೆವು. ಒಂದು ವಾರಕ್ಕೆ ಅಲ್ಲಲ್ಲಿ ಹಸಿರು ಚುಕ್ಕಿ, ಒಂಬತ್ತನೇ ದಿನಕ್ಕೆ ಆರೂ ಚೀಲ ಪಾಚಿಗಟ್ಟಿದ ಬಾವಿಯಂತಾದವು. ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟು ಅದು. ಒಂದು ಸಲ ಕಾಲಿಟ್ಟರೆ ಅಣಬೆಯ ಎಳೆಯನ್ನೇ ತಿಂದು ಹಾಕುತ್ತದೆ.

ಸುಳ್ಳು ಹೇಳುವುದಿಲ್ಲ, ಅವತ್ತು ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಗಿತ್ತು. ಅಂಗಳದಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿ, "ಇನ್ನೊಂದ್ ಸಲ ಕೆಟ್ಟರ ಅವ್ವ ಬೆಂಗಳೂರಿಗೆ ಬರ್ತಾಳ, ರೂಮ್ ರೆಡಿ ಮಾಡಸ್ತೀನಿ" ಅಂದೆ. ಹಿಂದೆ ತಿರುಗಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು.

ಅವಳು ಬೈಯಲಿಲ್ಲ. ಆರೂ ಚೀಲ ಬುಟ್ಟಿಯಲ್ಲಿ ಹೊತ್ತು, ಕೊಟ್ಟಿಗೆಯಿಂದ ದೂರ ಹೊಲದಂಚಿಗೆ ಹೋಗಿ ಹೂತು ಬಂದಳು. ಕೈಕಾಲು ತೊಳೆದು, "ನಾಳೆ ಅರಭಾವಿಗೆ ಹೋಗಿ ಕೇಳೂಣು" ಅಂದಳು.

ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕಾ ಕಾಲೇಜಿದೆ, ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಚಿಕ್ಕಂದಿನಿಂದ ಅದರ ಗೇಟಿನ ಮುಂದೆ ಬಸ್ಸಿನಲ್ಲಿ ಓಡಾಡಿದ್ದೇನೆ, ಒಳಗೆ ಹೋದದ್ದು ಅದೇ ಮೊದಲು. ಅಲ್ಲಿ ಸಿಕ್ಕ ಸರ್ ಒಬ್ಬರು ನಮ್ಮ ಕಥೆಯನ್ನೆಲ್ಲ ಕೇಳಿ ನಕ್ಕು, ಅವ್ವನಿಗೆ ಒಂದೇ ಮಾತು ಹೇಳಿದರು: "ಅಕ್ಕಾರ, ಈ ಮಣ್ಣು ಅಣಬಿಗೆ ಊಟ ಅಲ್ರಿ. ಊಟ ಕೆಳಗ ಹೊಟ್ಟಿನ್ಯಾಗ ಐತಿ. ಇದು ಬರೇ ನೀರಿನ ಗಡಿಗಿ."

ಆಮೇಲೆ ನಾನು ಓದಿ ತಿಳಿದದ್ದೂ ಇದನ್ನೇ. ಹೊಟ್ಟಿನಲ್ಲಿ ತಿಂದು ಬೆಳೆದ ಎಳೆ, ಮೇಲೆ ತಿನ್ನಲು ಹೆಚ್ಚೇನೂ ಇಲ್ಲದ, ಆದರೆ ತೇವ ಮತ್ತು ಗಾಳಿ ಎರಡೂ ಇರುವ ಪದರಕ್ಕೆ ಬಂದಾಗ ಹರಡುವುದನ್ನು ಬಿಟ್ಟು ಮೊಗ್ಗು ಕಟ್ಟಲು ತಯಾರಾಗುತ್ತದೆ. ಅಣಬೆಯಲ್ಲಿ ಸುಮಾರು ನೂರಕ್ಕೆ 90 ಭಾಗ ನೀರೇ. ಆ ನೀರಿನ ದೊಡ್ಡ ಪಾಲು ಈ ಪದರದಿಂದ ಸಿಗಬೇಕು. ಬಟನ್ ಅಣಬೆಯಲ್ಲಂತೂ ಈ ಪದರದಲ್ಲಿರುವ ಕೆಲವು ಒಳ್ಳೆಯ ಬ್ಯಾಕ್ಟೀರಿಯಾ ಇಲ್ಲದಿದ್ದರೆ ಮೊಗ್ಗೇ ಸರಿಯಾಗಿ ಏಳುವುದಿಲ್ಲ. ಅದಕ್ಕೇ ಕೇಸಿಂಗ್ ಮಣ್ಣನ್ನು ಸುಟ್ಟು ಎಲ್ಲವನ್ನೂ ಕೊಲ್ಲುವುದಲ್ಲ, ಹದವಾಗಿ ಬಿಸಿ ಮಾಡಿ ಕೆಟ್ಟದ್ದನ್ನಷ್ಟೇ ಕಳೆಯುವುದು.

ಪ್ಯಾರಿಸ್ ಸುತ್ತಲಿನ ಹಳೆಯ ಕಲ್ಲು ಗಣಿಗಳಲ್ಲಿ ಅಣಬೆ ಬೆಳೆಯುತ್ತಿದ್ದವರು ಅಲ್ಲೇ ಸಿಗುವ ಸುಣ್ಣಕಲ್ಲಿನ ಪುಡಿಯನ್ನು ಹೊದಿಸುತ್ತಿದ್ದರು. ಯುರೋಪಿನ ದೊಡ್ಡ ಫಾರ್ಮುಗಳು ಜೌಗು ನೆಲದ ಪೀಟ್ ಬಳಸುತ್ತವೆ. ನಮ್ಮ ದೇಶದಲ್ಲಿ ಹಳೆಯ ಗೊಬ್ಬರ, ತೋಟದ ಮಣ್ಣು, ತೆಂಗಿನ ನಾರಿನ ಪುಡಿ. ಎಲ್ಲರೂ ತಮ್ಮ ಊರಲ್ಲಿ ಸಿಗುವುದರಲ್ಲೇ ನೀರಿನ ಗಡಿಗೆ ಮಾಡಿಕೊಂಡಿದ್ದಾರೆ. ನಮಗೆ ಸರ್ ಹೇಳಿದ್ದು ಮಸಾರಿ ಮಣ್ಣು, ಎರಡು ವರ್ಷ ಹಳೆಯ ಗೊಬ್ಬರ ಮತ್ತು ಸ್ವಲ್ಪ ದಪ್ಪ ಉಸುಕು.

"ಉಸುಕು ಗೋಕಾಕದಾಗ ನಿಮ್ಮತ್ತಿ ಮನಿ ಮುಂದ ಬಿದ್ದೈತಿ, ಮಸಾರಿ ಹುಕ್ಕೇರ್ಯಾಗ ನನ್ನ ತವರಮನ್ಯಾಗ ಐತಿ" ಅಂದಳು ಅವ್ವ. ಅಪ್ಪ ಹೋದ ಮೇಲೆ ಅವಳು ಎರಡೂ ಕಡೆ ಹೋಗಿರಲೇ ಇಲ್ಲ.

ಗೋಕಾಕದ ಉಸುಕು

ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾಗಿದ್ದು ಮೊನ್ನೆ ಮೊನ್ನೆ. ಆದರೆ ಕಾರಿನಲ್ಲಿ ಹೋಗುವಾಗ ಗಡಿ ಗೊತ್ತಾಗುವುದು ಬೋರ್ಡಿನಿಂದಲ್ಲ, ನೆಲದಿಂದ. ಕಬ್ಬಿನ ಸಪಾಟು ಮುಗಿದು ಗೋಕಾಕ ಹತ್ತಿರವಾದಂತೆ ಗುಡ್ಡ ಏಳುತ್ತವೆ. ಮರಳುಗಲ್ಲಿನ ಗುಡ್ಡಗಳವು.

ಅತ್ತೆ ಮನೆ ಕಟ್ಟಿಸುತ್ತಿದ್ದಳು. ಅವ್ವನನ್ನು ಕಂಡವಳೇ "ವೈನೀ" ಅಂತ ತಬ್ಬಿ ಅತ್ತಳು. ಇಬ್ಬರೂ ಅತ್ತು ಮುಗಿಸುವವರೆಗೆ ನಾನು ಹೊರಗೆ ಉಸುಕಿನ ರಾಶಿಯಿಂದ ಒಂದು ಚೀಲ ತುಂಬಿದೆ. ಅತ್ತೆ ಚಹಾ ಕೊಟ್ಟು, ಕರದಂಟಿನ ಡಬ್ಬಿ ಕಟ್ಟಿ ಕೊಟ್ಟು, "ಉಸುಕು ಒಯ್ಯಾಕರ ಬಂದ್ರೆಲಾ" ಅಂದಳು.

ಅಲ್ಲಿಂದ ಫಾಲ್ಸ್ ಕಡೆ ಹೋದೆವು. ಮಳೆಗಾಲದಲ್ಲಿ ಘಟಪ್ರಭೆ ಇಲ್ಲಿ ಕುದುರೆ ಲಾಳದಾಕಾರದ ಬಂಡೆಯ ಮೇಲಿಂದ 52 ಮೀಟರ್ ಕೆಳಗೆ ಧುಮುಕುವಾಗ ನಿಂತ ನೆಲ ನಡುಗಿದಂತಾಗುತ್ತದೆ. 1887ರಲ್ಲೇ ಈ ನೀರಿನಿಂದ ವಿದ್ಯುತ್ ತೆಗೆದ ಜಾಗ ಇದು. ಪಕ್ಕದಲ್ಲಿ ಹಳೆಯ ಮಿಲ್ಲು, ಮೇಲೆ ತೂಗುಸೇತುವೆ. ಏಪ್ರಿಲ್‌ನಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ನೀರಿನ ಎಳೆ. ನೀರಿಲ್ಲದಾಗ ಬಂಡೆ ಕಾಣುತ್ತದೆ. ಪದರ ಪದರವಾದ ಕೆಂಪು ಕಂದು ಕಲ್ಲು.

"ಮದವಿ ಆದ ವರ್ಷ ನಿಮ್ಮಪ್ಪ ಇಲ್ಲಿ ಕರಕೊಂಡ್ ಬಂದಿದ್ದಾ. ಆವಾಗ ನೀರ್ ಭಾಳ ಇತ್ತು. ಈ ಕಲ್ಲು ನಾ ನೋಡೇ ಇರಲಿಲ್ಲ" ಅಂದಳು ಅವ್ವ. ಬುತ್ತಿ ಬಿಚ್ಚಿ ಅಲ್ಲೇ ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಿಂದೆವು.

ಹುಕ್ಕೇರಿಯ ಮಸಾರಿ

ಕೊಣ್ಣೂರು ದಾಟಿ, ಘಟಪ್ರಭಾಗೆ ಬಂದು ಹುಕ್ಕೇರಿ ರಸ್ತೆ ಹಿಡಿದೆವು. ಪಶ್ಚಿಮಕ್ಕೆ ಹೋದಂತೆ ನೆಲದ ಬಣ್ಣ ಬದಲಾಗುತ್ತದೆ. ಕಪ್ಪಿನ ನಡುವೆ ಕಂದು, ಕಂದಿನ ನಡುವೆ ಕೆಂಪು. ಹುಕ್ಕೇರಿ ಊರಿಗೆ ಆದಿಲಶಾಹಿ ಕಾಲದ ಗುಮ್ಮಟಗಳ ಗುರುತಿದೆ. ಇನ್ನೊಂದು ಗುರುತು ನನ್ನಂಥವನಿಗೆ ಇಷ್ಟವಾಗುವಂಥದ್ದು. ಇಲ್ಲಿ ಹಳ್ಳಿಗಳಿಗೆ ಕರೆಂಟ್ ಹಂಚುವುದು 1969ರಲ್ಲಿ ಶುರುವಾದ ಊರವರದ್ದೇ ಸಹಕಾರಿ ಸಂಘ.

ಸಂಕೇಶ್ವರದ ದಿಕ್ಕಿನಲ್ಲಿ ಮಾಮಾನ ಹೊಲ. ಮಾಮಾ ಸಲಿಕೆ ಕಸಿದುಕೊಂಡು ತಾನೇ ಅಗೆದ. "ಮ್ಯಾಲಿನ ಮಣ್ಣ ಬ್ಯಾಡ ಅಳಿಯಾ, ಅದರಾಗ ಬೇರು, ಹುಳ ಇರ್ತಾವ. ಒಂದ್ ಮೊಳ ಕೆಳಗಿಂದ ತಗೊಳೂಣು." ಅವ್ವ ಒಂದು ಹಿಡಿ ಮಣ್ಣು ತೆಗೆದುಕೊಂಡು ಬಾಟಲಿಯ ನೀರು ಹಾಕಿ ಹಿಂಡಿದಳು. ಉಂಡೆಯಾಯಿತು. ಬೆರಳಿನಿಂದ ಒತ್ತಿದಳು, ಪುಡಿಯಾಯಿತು. ಎರೆ ಮಣ್ಣು ಹಾಗೆ ಒಡೆಯುವುದಿಲ್ಲ, ಬೆರಳಿಗೆ ಅಂಟುತ್ತದೆ.

"ಸಣ್ಣಕ್ಕಿದ್ದಾಗ ಈ ಮಣ್ಣಿನ್ಯಾಗ ಒಲಿ ಮಾಡಿ ಆಡತಿದ್ವಿ" ಅಂದಳು. ಮಾಮಾ ಎರಡು ಚೀಲ ಮಣ್ಣು, ಒಂದು ಚೀಲ ಹಳೆಯ ಗೊಬ್ಬರ ಡಿಕ್ಕಿಗೆ ಹಾಕಿದ. "ಅಕ್ಕಾ, ಇಲ್ಲೇ ಬಂದ್ ಇರು" ಅಂತ ಅವನೂ ಕೇಳಿದ. ಅವಳು ಅವನಿಗೂ "ಬರ್ತೀನಿ ತಗೋ" ಅಂದಳು.

ಹೊದಿಸಿದ್ದು ಹೀಗೆ

ಮೂರನೇ ಸಲದ ಹತ್ತು ಚೀಲ ಅಷ್ಟೊತ್ತಿಗೆ ಬೆಳ್ಳಗಾಗಿ ಕಾಯುತ್ತಿದ್ದವು. ಮನೆಯಲ್ಲಿ ಮಾಡಬೇಕೆನ್ನುವವರಿಗೆ ನಾವು ಮಾಡಿದ್ದನ್ನು ಹೇಳುತ್ತೇನೆ.

ಮಸಾರಿ ಎರಡು ಪಾಲು, ಹಳೆಯ ಗೊಬ್ಬರ ಒಂದು ಪಾಲು, ಉಸುಕು ಒಂದು ಪಾಲು. ಸಾಣಿಗೆ ಹಿಡಿದು ಕಲ್ಲು, ಕಡ್ಡಿ ತೆಗೆದೆವು. ಪಿಎಚ್ 7.5ರಿಂದ 8ರ ಒಳಗೆ ಬರುವಷ್ಟು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿದೆವು. ಹುಳಿ ಮಣ್ಣು ಹಸಿರು ಬೂಷ್ಟಿಗೆ ಇಷ್ಟ. ತೇವ ಮಾಡಿ, ಬಟ್ಟೆ ಚೀಲದಲ್ಲಿ ತುಂಬಿ, ಹಂಡೆಯ ಹಬೆಯಲ್ಲಿ ನಡುವಿನ ಮಣ್ಣು 65 ಡಿಗ್ರಿ ಮುಟ್ಟಿದ ಮೇಲೆ ನಾಲ್ಕು ತಾಸು ಹಾಗೇ ಇಟ್ಟೆವು. ಥರ್ಮಾಮೀಟರ್ ನೋಡುವ ಕೆಲಸ ನನ್ನದು, ಒಲೆ ಹದ ಮಾಡುವ ಕೆಲಸ ಅವ್ವನದು.

ಪೂರ್ತಿ ಆರಿದ ಮೇಲೆ, ಕೈ ತೊಳೆದುಕೊಂಡು, ಚೀಲದ ಬಾಯಿ ಕತ್ತರಿಸಿ ಒಂದು ಇಂಚು ಮಂದ ಹರಡಿದೆವು. ಒತ್ತಲಿಲ್ಲ, ಸಾರಿಸಿದಂತೆ ನುಣ್ಣಗೂ ಮಾಡಲಿಲ್ಲ. ಮೇಲ್ಮೈ ಉಬ್ಬುತಗ್ಗು ಇದ್ದರೆ ಗಾಳಿ ಆಡುತ್ತದೆ.

ಕೊಟ್ಟಿಗೆಯ ಕಿಟಕಿಗೆ ಒದ್ದೆ ಗೋಣಿ ತಟ್ಟು ಕಟ್ಟಿ, ನೆಲಕ್ಕೆ ನೀರು ಚಿಮುಕಿಸಿ ಗಾಳಿಯಲ್ಲಿ ತೇವ ಉಳಿಸಿದೆವು. ನನ್ನ ರಿಮೈಂಡರುಗಳನ್ನು ಅವ್ವ ನನ್ನಿಂದಲೇ ಡಿಲೀಟ್ ಮಾಡಿಸಿದಳು. ಸ್ಪ್ರೇ ಬಾಟಲಿ ಅವಳ ಕೈಗೆ ಹೋಯಿತು. ಬೆಳಗ್ಗೆ, ಸಂಜೆ ಬೆರಳಿನಿಂದ ಮಣ್ಣು ಮುಟ್ಟಿ ನೋಡುವುದು. ಹಸಿ ಇದ್ದರೆ ಸುಮ್ಮನೆ ಬರುವುದು. ಮೇಲ್ಮೈ ಬಣ್ಣ ಮಾಸಿದ್ದರೆ ಮಾತ್ರ ಮಂಜಿನಂತೆ ಸ್ವಲ್ಪ ನೀರು.

"ಹೊಲಾ ಹಾಳ ಮಾಡ್ಕೊಂಡ್ ಕಲ್ತದ್ದು ಇದು ತಮ್ಮಾ. ಮಣ್ಣು ಕೇಳಿದಾಗ ಕೊಡಬೇಕು, ನಮಗ ಕೊಡಬೇಕನಿಸಿದಾಗಲ್ಲ."

ನನಗೆ ಆ ಮಾತು ಅಣಬೆಗೆ ಮಾತ್ರ ಹೇಳಿದ್ದು ಅನ್ನಿಸಲಿಲ್ಲ. ಎರಡು ವರ್ಷದಿಂದ ದಿನಕ್ಕೆ ಮೂರು ಸಲ ಫೋನ್ ಮಾಡಿ "ಊಟ ಆತಾ, ಗುಳಿಗಿ ತಗೊಂಡ್ಯಾ, ಯಾವಾಗ ಬರ್ತಿ" ಅಂತ ಕೇಳುತ್ತಿದ್ದವನು ನಾನೇ ಅಲ್ಲವೇ?

ಏಳನೇ ದಿನಕ್ಕೆ ಮಣ್ಣಿನ ಸಂದಿಯಲ್ಲಿ ಬಿಳಿ ಎಳೆ ಇಣುಕಿತು. ಕಿಟಕಿಯ ಗೋಣಿ ಸ್ವಲ್ಪ ಸರಿಸಿ ಬೆಳಕು, ಗಾಳಿ ಬಿಟ್ಟೆವು. ಹನ್ನೊಂದನೇ ದಿನ ಬೆಳಗ್ಗೆ ಅವ್ವ ನನ್ನನ್ನು ಎಬ್ಬಿಸಿ ಕರೆದುಕೊಂಡು ಹೋದಳು. ಮೂರು ಚೀಲದ ಮೇಲೆ ಗುಂಡುಸೂಜಿ ತಲೆಯಷ್ಟು ಬಿಳಿ ಮೊಗ್ಗು. ಮೊಗ್ಗಿನ ಮೇಲೆ ನೇರ ನೀರು ಬಿದ್ದರೆ ಕಂದಾಗಿ ಕೊಳೆಯುತ್ತದೆ ಎಂದು ಆಮೇಲೆ ಗೋಡೆಗೆ, ನೆಲಕ್ಕೆ ಮಾತ್ರ ನೀರು.

ಇನ್ನೊಂದು ವಾರಕ್ಕೆ ಮೊದಲ ಕೊಯ್ಲು, ನಾಲ್ಕು ಕಿಲೋ. ಎರಡು ಚೀಲದಲ್ಲಿ ಏನೂ ಬರಲಿಲ್ಲ, ಯಾಕೆ ಅಂತ ಇವತ್ತಿಗೂ ತಿಳಿದಿಲ್ಲ. ಊರಲ್ಲಿ ಅರ್ಧ ಜನ "ನಾಯಿಕೊಡಿ ಯಾರ್ ತಿಂತಾರ" ಅಂದರು. ಮೂಡಲಗಿಯ ಒಂದು ಖಾನಾವಳಿಯವರು ಎರಡು ಕಿಲೋ ತಗೊಂಡು 400 ರೂಪಾಯಿ ಕೊಟ್ಟರು. ಉಳಿದದ್ದನ್ನು ಅವ್ವ ಖಾರಬ್ಯಾಳಿಯಂತೆ ಮಸಾಲೆ ಹಾಕಿ ಪಲ್ಯ ಮಾಡಿದಳು. ಆ 400 ರೂಪಾಯಿಯನ್ನು ಅಪ್ಪನ ಫೋಟೋ ಮುಂದೆ ಇಟ್ಟು, ಸಂಜೆ ಎತ್ತಿ ಸೀರೆ ಗಂಟಿಗೆ ಕಟ್ಟಿಕೊಂಡಳು.

ಕೊಯ್ದ ಮೇಲೆ ಬುಡ ಕಿತ್ತು, ಮಣ್ಣಿನ ಮೇಲ್ಮೈ ತುಸು ಸಡಿಲಿಸಿ, ಹದ ನೀರು ಕೊಟ್ಟರೆ ಅದೇ ಚೀಲದಿಂದ ಮತ್ತೆ ಎರಡು ಬೆಳೆ ಬರುತ್ತದೆ. ಎರಡನೇ ಬೆಳೆ ಬರುವ ಹೊತ್ತಿಗೆ ನನ್ನ ರಜೆಯೂ ಮುಗಿಯಿತು.

ಮೇ ಕೊನೆಯಲ್ಲಿ ಘಟಪ್ರಭಾ ಸ್ಟೇಷನ್ನಿನಲ್ಲಿ ನಾನು ಒಬ್ಬನೇ ರೈಲು ಹತ್ತಿದೆ. ಬೆಂಗಳೂರಿನ ಆ ರೂಮು ಖಾಲಿ ಇದೆ, ಅವ್ವ ದೀಪಾವಳಿಗೆ ಬಂದು ಎಂಟು ದಿನ ಇದ್ದು ಹೋದಳು. ಈಗ ನಾನು ದಿನಕ್ಕೆ ಒಂದೇ ಸಲ ಫೋನ್ ಮಾಡುತ್ತೇನೆ, ಕೆಲವು ದಿನ ಅವಳೇ ಮೊದಲು ಮಾಡುತ್ತಾಳೆ. ಮೊನ್ನೆ ಹೊಸ ಚೀಲಗಳಿಗೆ ಮಣ್ಣು ಹೊದಿಸಿದ ದಿನ ಒಂದು ವಾಯ್ಸ್ ಮೆಸೇಜ್ ಬಂತು:

"ಮಾಮಾ ಎರಡ ಚೀಲ ಮಸಾರಿ ಕಳಿಸ್ಯಾನು. ಇವತ್ತ ನೀರ್ ಹೊಡದಿಲ್ಲ. ಮುಟ್ಟಿ ನೋಡೇನಿ, ಹಸಿ ಐತಿ. ನೀ ಊಟ ಮಾಡು."